ನಾವಿಬ್ರೇ ಮೈಸೂರಿಗೆ ಹೋಗಿದ್ದು

ಸೊರಬದ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದವರು ಇಬ್ಬರು, ಫೋನಲ್ಲಿ ಕೇಳಿದವರು ನಾಲ್ಕು ಜನ. ಎಲ್ಲರದೂ ಒಂದೇ ಪ್ರಶ್ನೆ: "ಮೈಸೂರಲ್ಲಿ ಯಾರ ಮದುವೆ ಇತ್ತೇ?" ಯಾರ ಮದುವೆನೂ ಅಲ್ಲ ಅಂದ್ರೆ ದನಿ ಸಣ್ಣ ಮಾಡಿ, "ಹಂಗಾರೆ ಆಸ್ಪತ್ರೆಗಾ? ಯಾರಿಗೆ ಎಂತ ಆಯ್ತು?" ಯಾರಿಗೂ ಎಂತದೂ ಆಗ್ಲಿಲ್ಲ ಮಾರಾಯ್ತಿ, ಸುಮ್ನೆ ಹೋಗಿದ್ದು, ಇವರು ನಾನು ಇಬ್ರೇ ಅಂದ್ರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನಗು. ಒಬ್ಬಳಂತೂ "ಈ ವಯಸ್ಸಲ್ಲಿ ಹನಿಮೂನಾ!" ಅಂದು ಫೋನು ಸ್ಪೀಕರಿಗೆ ಹಾಕಿ ಮನೆಯವರಿಗೆಲ್ಲ ಕೇಳಿಸಿದ್ಲು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ಅವರು ಹಂಗೆ ಕೇಳಿದ್ದೂ ತಪ್ಪಲ್ಲ. ನಾವಿಬ್ರು ಪ್ಯಾಟೆಗೆ ಅಂತ ಹೋಗಿದ್ದು ಲೆಕ್ಕ ಹಾಕಿದೆ. ಮಾವನ್ನ ತೋರಿಸಕ್ಕೆ ಮಣಿಪಾಲಕ್ಕೆ ಮೂರು ಸಲ. ಅತ್ತೆ ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗಕ್ಕೆ. ಮಗಳನ್ನ ಕಾಲೇಜಿಗೆ ಸೇರಿಸಕ್ಕೆ, ಹಾಸ್ಟೆಲಿಗೆ ಹಾಸಿಗೆ ಹೊತ್ತುಕೊಂಡು. ಮದುವೆ ಜವಳಿಗೆ ಹೋದಾಗ ಜೀಪಲ್ಲಿ ಹನ್ನೊಂದು ಜನ. ಮಗಳ ಬಾಣಂತನ ಆದ್ಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ನಾನು ಒಬ್ಬಳೇ, ಮೊಮ್ಮಗನ ನೋಡ್ಕೊಳಕ್ಕೆ. ಇವರು ಇಲ್ಲಿ, ತೋಟ ದನ ನೋಡ್ಕೊಳಕ್ಕೆ. ಕೆಲಸ ಇಲ್ದೆ, ಕಾಯಿಲೆ ಇಲ್ದೆ, ಮೂರನೆಯವರು ಇಲ್ದೆ ಹೋಗಿದ್ದು ಅಂದ್ರೆ ಸೊನ್ನೆ.

ಹೋಗಬೇಕು ಅಂತ ಒಂದ್ಸಲ ಆಗಿತ್ತು. ನಮ್ಮ ಮದುವೆ ಆಗಿದ್ದು 1991 ರ ನವೆಂಬರ್ ಕೊನೆಗೆ. ಮದುವೆ ಗಡಿಬಿಡಿ ಮುಗಿದು ಎರಡು ವಾರ ಆದ್ಮೇಲೆ ಇವರು ಒಂದು ರಾತ್ರಿ, "ಮೈಸೂರಿಗೆ ಹೋಗಣ, ಅರಮನೆಗೆ ದೀಪ ಹಾಕಿದ್ದು ತೋರಿಸ್ತೀನಿ" ಅಂದಿದ್ರು. ನಾನು ಪಿಯುಸಿಲಿ ಇದ್ದಾಗ ಕಾಲೇಜಿನ ಟೂರಲ್ಲಿ ಅರಮನೆ ನೋಡಿದ್ದೆ, ಆದ್ರೆ ಹಗಲು. ಬಸ್ಸು ಸಂಜೆಗೆ ಮೊದ್ಲೇ ಹೊರಟುಬಿಟ್ಟಿತ್ತು. ದೀಪ ನೋಡ್ಲಿಲ್ಲ ಅಂತ ಯಾವಾಗ್ಲೋ ಮಾತಿಗೆ ಇವರ ಹತ್ರ ಹೇಳಿದ್ದೆ, ಅದನ್ನ ನೆನಪಿಟ್ಕೊಂಡು ಕೇಳಿದ್ರು. ನಾನು ಸೀರೆ ಸಹ ಮಡಿಸಿ ಇಟ್ಟಿದ್ದೆ. ಅಷ್ಟರಲ್ಲಿ ಕಾವೇರಿ ಗಲಾಟೆ ಶುರುವಾಯ್ತು. ಟ್ರಿಬ್ಯೂನಲ್ಲಿನ ಮಧ್ಯಂತರ ಆದೇಶ ಗೆಜೆಟ್ಟಲ್ಲಿ ಬಂತು ಅಂತ ಡಿಸೆಂಬರ್ ಎರಡನೇ ವಾರ ಬೆಂಗಳೂರು, ಮೈಸೂರು, ಮಂಡ್ಯ ಎಲ್ಲ ಕಡೆ ಬಂದ್, ಬೆಂಕಿ, ಕರ್ಫ್ಯೂ. ಆಗ ಮುಖ್ಯಮಂತ್ರಿ ಬಂಗಾರಪ್ಪನವರು, ನಮ್ಮ ತಾಲೂಕಿನ ಕುಬಟೂರಿನವರೇ, ಹಂಗಾಗಿ ಊರಲ್ಲಿ ಹಗಲು ರಾತ್ರಿ ಅದೇ ಮಾತು. ಮಾವ ಭದ್ರಾವತಿ ಆಕಾಶವಾಣಿ ಹಾಕ್ಕೊಂಡು ಕೂತಿದ್ದವರು ವಾರ್ತೆ ಮುಗಿದ ಮೇಲೆ ರೇಡಿಯೋ ಆರಿಸಿ, "ಯಾರೂ ಎಲ್ಲಿಗೂ ಹೋಗದು ಬ್ಯಾಡ" ಅಂದ್ರು. ಇವರು ತಲೆ ತಗ್ಗಿಸಿ ಹೂಂ ಅಂದು ಕೊಟ್ಟಿಗೆ ಕಡೆ ಹೋದ್ರು. ಗಲಾಟೆ ತಣ್ಣಗಾಯ್ತು, ಸಂಕ್ರಾಂತಿ ಬಂತು, ನಾನು ಬಸುರಿ ಆದೆ. ಆಮೇಲೆ ಇವರು ಮೈಸೂರಿನ ಸುದ್ದಿನೇ ಎತ್ಲಿಲ್ಲ.

ಗಲಾಟೆ ಆಗಿದ್ದಕ್ಕೆ ಇವರೇನು ಮಾಡಕ್ಕಾಗುತ್ತೆ, ಅದು ನಂಗೂ ಗೊತ್ತು. ಆದ್ರೆ ಗಲಾಟೆ ಮುಗಿದ ಮೇಲೆ ಒಂದು ಮಾತು, "ಮುಂದಿನ ವರ್ಷ ಹೋಗಣ" ಅಂತ ಸುಳ್ಳಿಗಾದ್ರೂ ಹೇಳಬಹುದಿತ್ತಲ್ಲ? ಅದೊಂದು ನನ್ನ ಹೊಟ್ಟೆಲಿ ಇತ್ತು. ಜಗಳ ಬಂದಾಗ ಬೇರೆ ಎಲ್ಲ ಎತ್ತಿ ಆಡಿದೀನಿ, ಇದೊಂದು ಮಾತ್ರ ಎತ್ತಿರ್ಲಿಲ್ಲ.

ಈ ಸಲ ದೀಪಾವಳಿಗೆ ಮಗಳು ಬಂದಾಗ ಪಿತ್ತಿ ಕೊಟ್ಟವಳು ಅವಳೇ. "ಅಮ್ಮ, ಅಪ್ಪಂಗೆ ಅರವತ್ತಾಯ್ತು, ಶಾಂತಿ ಗೀಂತಿ ಎಲ್ಲ ಬೇಡ ಅಂದ್ರಲ್ಲ, ಅದರ ಬದಲು ಇಬ್ರೂ ಎಲ್ಲಾದ್ರೂ ಹೋಗ್ಬನ್ನಿ" ಅಂದ್ಲು. ಇವರು ತಾಟಿನ ಮೇಲಿಂದ ತಲೆ ಎತ್ತದೆ, "ಮೈಸೂರಿಗೆ ಬೇಕಾರೆ ಹೋಗಬಹುದು" ಅಂದ್ರು. ನನ್ನ ಕೈಲಿದ್ದ ಸೌಟು ಅಲ್ಲೇ ನಿಂತ್ತು.

ಈಗ ಪ್ಲಾನಿನ ಕಥೆ. ನಮ್ಮಂಥವರ ಮನೆಲಿ ಎರಡು ದಿನ ಹೋಗದು ಅಂದ್ರೆ ಮೊದ್ಲು ಕ್ಯಾಲೆಂಡರ್ ಅಲ್ಲ, ಅಡಿಕೆ ನೋಡ್ಬೇಕು. ಭತ್ತ ಕೊಯ್ದು ಬಣವೆ ಒಟ್ಟಿ ಆಗಿತ್ತು. ಅಡಿಕೆದು ಮೊದಲ ಕೊಯ್ಲು ಸುಲಿದು ಬೇಯಿಸಿ ಚಪ್ಪರಕ್ಕೆ ಹಾಕಿದ್ವಿ, ಎರಡನೇ ಕೊಯ್ಲಿಗೆ ಕೊನೆಗಾರ ಬರೋದು ಡಿಸೆಂಬರ್ ಕೊನೆಗೆ. ಡಿಸೆಂಬರ್ ಇಪ್ಪತ್ತು ದಾಟಿದ್ರೆ ಕ್ರಿಸ್‌ಮಸ್ ರಜೆ, ಶಾಲೆ ಮಕ್ಕಳ ಟೂರು, ಮೈಸೂರಲ್ಲಿ ಕಾಲಿಡಕ್ಕೆ ಜಾಗ ಇರಲ್ಲ, ರೂಮಿನವರು ಹೇಳಿದ್ದೇ ರೇಟು. ಅಂದ್ರೆ ನಮಗೆ ಇದ್ದಿದ್ದು ಡಿಸೆಂಬರ್ ಮೊದಲ ವಾರದ ಒಂದು ಸಂದಿ. 6 ನೇ ತಾರೀಕು ಶುಕ್ರವಾರ ರಾತ್ರಿ ಹೊರಡದು, ಶನಿವಾರ, ಭಾನುವಾರ ಅಲ್ಲಿ, ಭಾನುವಾರ ಸಂಜೆ ರೈಲು ಹತ್ತಿ ಸೋಮವಾರ ಬೆಳಿಗ್ಗೆ ಮನೆಗೆ. ಹಿಂಗೆ ಚೀಟಿಲಿ ಬರೆದಿದ್ದೆ.

ರೈಲಿನ ವಿಷಯ ಗೊತ್ತಿಲ್ದವರಿಗೆ ಹೇಳ್ತೀನಿ. ತಾಳಗುಪ್ಪದಿಂದ ರಾತ್ರಿ ಹೊರಡೋ ರೈಲು ಶಿವಮೊಗ್ಗ, ಅರಸೀಕೆರೆ, ಬೆಂಗಳೂರು ಮೇಲೆ ಹೋಗಿ ಬೆಳಿಗ್ಗೆ ಮೈಸೂರು ಮುಟ್ಟುತ್ತೆ. ನಾವು ಸಾಗರದಲ್ಲಿ ಹತ್ತಬೇಕು. ಟಿಕೆಟ್ ಮೊದ್ಲು 120 ದಿನ ಮುಂಚೆ ಮಾಡಿಸಬಹುದಿತ್ತು, 2024 ರ ನವೆಂಬರ್ 1 ರಿಂದ 60 ದಿನಕ್ಕೆ ಇಳಿಸಿದಾರೆ. ನಾವು ಮನಸ್ಸು ಮಾಡಿದ್ದೇ ತಡ, ಹಂಗಾಗಿ ಹೋಗೋಕೆ ವೇಟಿಂಗ್ ಲಿಸ್ಟಲ್ಲಿ 11, 12. ಇವರಿಗೆ ಅರವತ್ತು ತುಂಬಿದ ಖುಷಿ ಏನಪ್ಪಾ ಅಂದ್ರೆ ರೈಲಲ್ಲಿ ರಿಯಾಯಿತಿ ಸಿಗುತ್ತೆ ಅಂತ. ಅದನ್ನ 2020 ರಲ್ಲಿ ಕೊರೋನಾ ಬಂದಾಗ ತೆಗೆದಿದ್ದು ಮತ್ತೆ ಕೊಟ್ಟಿಲ್ಲ ಅಂತ ಮಗಳು ಹೇಳಿದ್ದಕ್ಕೆ ಅರ್ಧ ದಿನ ಮುಖ ಗಂಟು. ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತು ಕೊಡೋದಿದೆ, ಅದು ಮಾತ್ರ ನೆನಪಿಟ್ಕೊಂಡು ಮಾಡಿಸಿ. ನಮ್ಮ ಮಂಡಿಗೆ ಮೇಲೆ ಹತ್ತೋ ಕೆಲಸ ಆಗಲ್ಲ.

ಟಿಕೆಟ್ ಆಗ್ತಿದ್ದ ಹಂಗೇ ಮಗಳು, "ರೈಲು ಬೆಂಗಳೂರು ಮೇಲೇ ಹೋಗದು, ನಮ್ಮನೇಲಿ ಇಳೀರಿ, ಭಾನುವಾರ ನಾವೇ ಕಾರಲ್ಲಿ ಮೈಸೂರಿಗೆ ಕರ್ಕೊಂಡು ಹೋಗಿ ಬರ್ತೀವಿ" ಅಂದ್ಲು. ಎಷ್ಟು ಒಳ್ಳೆ ಮಾತು ನೋಡಿ. ಬೇಡ ಅನ್ನಕ್ಕೆ ನಂಗೆ ಎರಡು ದಿನ ಬೇಕಾಯ್ತು. ಅಲ್ಲಿ ಇಳಿದ್ರೆ ನಾನು ಸೀದಾ ಅಡಿಗೆಮನೆಗೆ, ಮೊಮ್ಮಗ ಸೊಂಟಕ್ಕೆ, ಇವರು ಟಿವಿ ಮುಂದೆ. ನಂಗೆ ಮೊಮ್ಮಗ ಬೇಕು, ಆದ್ರೆ ಈ ಎರಡು ದಿನ ಬೇಡ. ಇದನ್ನ ಮಗಳಿಗೆ ಹೆಂಗೆ ಹೇಳದು? ಕೊನೆಗೆ ಹಂಗೇ ಹೇಳ್ದೆ. ಅವಳು ಸ್ವಲ್ಪ ಸುಮ್ನಿದ್ದು, "ಆಯ್ತಮ್ಮ" ಅಂದ್ಲು. ಬೇಜಾರಾಯ್ತು ಅಂತ ಗೊತ್ತಾಯ್ತು. ಜನವರಿಲಿ ಹದಿನೈದು ದಿನ ಬಂದಿರ್ತೀನಿ ಅಂತ ಸಾಲ ಬರ್ಕೊಟ್ಟಂಗೆ ಹೇಳಿ ಫೋನಿಟ್ಟೆ.

ಆಮೇಲೆ ಒಂದು ರಾತ್ರಿ ಚೀಟಿ ಓದ್ತಾ ಇದ್ದಾಗ ಎಡವಟ್ಟು ಕಂಡಿತು. ಅರಮನೆ ದೀಪ ಹಾಕೋದು ಭಾನುವಾರ ಮತ್ತೆ ಸರ್ಕಾರಿ ರಜೆ ದಿನ, ಸಂಜೆ ಏಳಕ್ಕೆ. ನಮ್ಮ ರೈಲು ಮೈಸೂರು ಬಿಡೋದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅರಮನೆ ಮುಂದೆ ನಿಂತ್ರೆ ರೈಲು ಹೋಯ್ತು, ರೈಲು ಹತ್ತಿದ್ರೆ ದೀಪ ಹೋಯ್ತು. ಮಗಳಿಗೆ ಕೇಳಿದ್ದಕ್ಕೆ, ಶನಿವಾರ ಧ್ವನಿ-ಬೆಳಕಿನ ಕಾರ್ಯಕ್ರಮ ಇರುತ್ತೆ, ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ದೀಪ ಹಾಕ್ತಾರೆ, ಟಿಕೆಟ್ ತಗೊಂಡು ಅದನ್ನೇ ನೋಡಿ ಅಂದ್ಲು. ಸರಿ, ಅಷ್ಟಾದ್ರೂ ಆಯ್ತಲ್ಲ ಅಂತ ನಾನು ಒಪ್ಪಿದೆ. ಹೆಂಗೂ ಇಷ್ಟು ವರ್ಷ ನೋಡ್ದೇ ಇದ್ದವಳು.

ಇವರು ಒಪ್ಲಿಲ್ಲ. "ಸ್ವಲ್ಪ ಹೊತ್ತಿಂದು ಬ್ಯಾಡ. ಸೋಮವಾರ ಹಗಲು ರೈಲಿಗೆ ಬರಣ, ಟಿಕೆಟ್ ಬದಲು ಮಾಡ್ಸು" ಅಂದ್ರು. ಮೂರು ದಿನ ಆಗುತ್ತಲ್ಲ, ದನ, ಅಡಿಕೆ, ಅತ್ತೆ, ಅಂತ ನಾನೇ ಪಟ್ಟಿ ಓದಿದೆ. ಅದಕ್ಕೆ ಇವರು, "ದೀಪ ನೋಡದೆ ಬರದಾದ್ರೆ ಹೋಗದೇ ಬ್ಯಾಡ. ಅವತ್ತೂ ದೀಪ ತೋರಿಸ್ತೀನಿ ಅಂತನೇ ಹೇಳಿದ್ದು" ಅಂದ್ರು.

ಅವತ್ತು ಅಂದ್ರೆ 91. ನಿಮಗೆ ನೆನಪಿದ್ಯಾ ಅಂದೆ. ಇಲ್ದೆ ಎಂತ ಅಂತ ಇವರು ಆ ರಾತ್ರಿ ಒಂದೊಂದೇ ಹೇಳಿದ್ರು. ಆಗ ಶಿವಮೊಗ್ಗದಿಂದ ಮೈಸೂರು ಬಸ್ಸಿಗೆ ಮುಂಚೆನೇ ಟಿಕೆಟ್ ತೆಗೆಸಿದ್ರಂತೆ, ಮಾವಂಗೆ ಹೇಳದೆ, ಮಂಡಿಲಿ ಅಡಿಕೆ ಕೊಟ್ಟ ದುಡ್ಡಲ್ಲಿ. ಬಸ್ಸು ನಿಂತ ಮೇಲೆ ದುಡ್ಡು ವಾಪಸ್ ತರಕ್ಕೆ ಹೋದಾಗ ಪೂರ್ತಿ ಸಿಗ್ಲಿಲ್ಲ, ಲೆಕ್ಕದಲ್ಲಿ ಕಮ್ಮಿ ಬಂತು. ಮಾವ ಅದಕ್ಕೆ ಆಳುಗಳ ಮುಂದೆನೇ ಬೈದ್ರಂತೆ, "ಹೆಂಡ್ತಿ ಮೆರೆಸಕ್ಕೆ ಮನೆ ದುಡ್ಡು" ಅಂತ. "ಮತ್ತೆ ಆ ಮಾತು ಎತ್ತಿದ್ರೆ ನಿಂಗೆ ಗೊತ್ತಾಗುತ್ತೆ, ನಿಂಗೆ ಬೇಜಾರಾಗುತ್ತೆ, ಅದಕ್ಕೇ ಬಿಟ್ಟೆ" ಅಂದ್ರು.

ನಾನು ಏನೂ ಹೇಳಕ್ಕಾಗ್ಲಿಲ್ಲ. ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದೆ. ಆಗಲೇ ಹಾಕಿ ಆಗಿತ್ತು, ಮತ್ತೊಂದ್ಸಲ ಹಾಕಿದೆ. ಬೆಳಿಗ್ಗೆ ಮೊಸರು ಹುಳಿ ಅಂತ ಅತ್ತೆ ಕೈಲಿ ಬೈಸಿಕೊಂಡೆ.

ಮೂರು ದಿನ ಅಂತಾದ ಮೇಲೆ ನಾದಿನಿನ ಕರೀದೆ ಬೇರೆ ದಾರಿ ಇರ್ಲಿಲ್ಲ. ಅವಳನ್ನ ಕೊಟ್ಟಿರೋದು ಶಿಕಾರಿಪುರದ ಹತ್ತಿರದ ಹಳ್ಳಿಗೆ, ದೂರ ಏನಲ್ಲ. ಆದ್ರೂ ಮನೆ ನೋಡ್ಕೊಳಕ್ಕೆ ಬಾ ಅಂತ ನಾನು ಯಾವತ್ತೂ ಕರೆದವಳಲ್ಲ. ಹಬ್ಬಕ್ಕೆ ಬರ್ತಾಳೆ, ಉಣ್ತಾಳೆ, ಮಡಿಲು ತುಂಬಿಸ್ಕೊಂಡು ಹೋಗ್ತಾಳೆ. ಎಲ್ಲಿ ಇವಳನ್ನ ಕೇಳಿದ್ರೆ "ಅತ್ತಿಗೆಗೆ ಅಮ್ಮನ ನೋಡ್ಕೊಳಕ್ಕೆ ಭಾರ ಆಯ್ತು" ಅಂತ ಶಿಕಾರಿಪುರ ತುಂಬ ಆಗುತ್ತೋ ಅಂತ ನನ್ನ ಹೆದರಿಕೆ. ಫೋನ್ ಮಾಡಿ ಅದೂ ಇದೂ, ಹಲಸಿನ ಹಪ್ಪಳ, ಅವಳ ಬೀಗರ ಸಕ್ಕರೆ ಕಾಯಿಲೆ ಎಲ್ಲ ಮಾತಾಡಿ ಕೊನೆಗೆ ವಿಷಯ ತೆಗೆದೆ. ಅವಳು, "ಅಷ್ಟಕ್ಕೆ ಇಷ್ಟೊತ್ತು ಸುತ್ತು ಹಾಕಿದ್ರಾ? ನೀವು ಕೇಳ್ಲೇ ಇಲ್ವಲ್ಲ ಅತ್ತಿಗೆ ಇಷ್ಟು ವರ್ಷ. ಅಮ್ಮನ ಜೊತೆ ನಾಲ್ಕು ದಿನ ಒಬ್ಬಳೇ ಇರಬೇಕು ಅಂತ ನಂಗೂ ಆಸೆ. ನೀವು ಇದ್ರೆ ಅಮ್ಮ ನನ್ನ ಕೈಲಿ ಒಂದು ಲೋಟನೂ ಎತ್ತಕ್ಕೆ ಬಿಡಲ್ಲ" ಅಂದ್ಲು. ನಾನು ಇಷ್ಟು ದಿನ ಅವಳು ಕೂತು ಉಣ್ತಾಳೆ ಅಂತ ಅಂದ್ಕೊಂಡಿದ್ದೆ, ಅವಳು ನಮ್ಮ ಮನೆಲಿ ಕೈಕಟ್ಟಿ ಕೂರ್ಬೇಕಲ್ಲ ಅಂತ ಅಂದ್ಕೊಂಡಿದ್ದಳು.

ಅತ್ತೆಗೆ ಎಂಬತ್ತನಾಲ್ಕು. ಅವರ ಮೊದಲ ಮಾತು, "ಶನಿವಾರ ಷಷ್ಠಿ, ಅವತ್ತು ಮನೆ ಸೊಸೆ ಊರಲ್ಲಿ ಇರಲ್ಲ ಅಂದ್ರೆ ಹೆಂಗೆ?" ಹೌದು, 7 ನೇ ತಾರೀಕು ಚಂಪಾಷಷ್ಠಿ. ಮಗಳು ಮಾಡ್ತಾಳಲ್ಲ ಅತ್ತೆ ಅಂದೆ. "ಅವಳ ಪಾಯಸ ನೀರು" ಅಂದ್ರು. ಎರಡು ದಿನ ಮಾತು ಕಮ್ಮಿ. ಮೂರನೇ ದಿನ ನಾನು ಅವರ ಕಾಲಿಗೆ ಎಣ್ಣೆ ಹಚ್ಚುವಾಗ, "ದುಡ್ಡು ಎಷ್ಟಾಗುತ್ತೆ?" ಅಂದ್ರು. ಚೀಟಿ ತೋರಿಸ್ದೆ: ರೈಲು, ರೂಮು ಎರಡು ರಾತ್ರಿ, ಊಟ, ಆಟೋ, ಕೈ ಖರ್ಚು, ಒಟ್ಟು ಒಂಬತ್ತು ಸಾವಿರದ ಹತ್ತಿರ. ನಮ್ಮ ರೇಶನ್ ಕಾರ್ಡಲ್ಲಿ ಯಜಮಾನಿ ಅತ್ತೆ, ಹಂಗಾಗಿ ಗೃಹಲಕ್ಷ್ಮಿದು ತಿಂಗಳಿಗೆ 2,000 ಅವರ ಖಾತೆಗೇ ಬೀಳದು. ಒಂದು ರೂಪಾಯಿ ತೆಗೆದವರಲ್ಲ. ಅದು ಶುರುವಾದಾಗ ಊರಲ್ಲಿ ಎಷ್ಟು ಮನೆಲಿ ಅತ್ತೆ ಸೊಸೆ ಜಗಳ ಆಯ್ತು ಅಂತ ನಿಮಗೂ ಗೊತ್ತು, ನಮ್ಮನೇಲಿ ಜಗಳ ಆಗ್ಲಿಲ್ಲ ಅಷ್ಟೇ, ನಂಗೆ ಬೇಜಾರು ಇರ್ಲಿಲ್ಲ ಅಂತ ಹೇಳಲ್ಲ. ಅತ್ತೆ ಮಗನ್ನ ಕರೆದು, "ನನ್ನ ಬ್ಯಾಂಕಿಗೆ ಕರ್ಕೊಂಡು ಹೋಗು" ಅಂದ್ರು. ಹತ್ತು ಸಾವಿರ ತೆಗೆದು ತಂದು ನನ್ನ ಕೈಲಿಟ್ರು. "ಅಂವ ಲೆಕ್ಕ ಕೇಳಿದ್ರೆ ನಂದು ಅನ್ನು" ಅಂದ್ರು. ಅಂವ ಅಂದ್ರೆ ಇವರು ಅಂತ ನಾನು ಅಂದ್ಕೊಂಡೆ. ಅತ್ತೆ ನೋಡ್ತಿದ್ದಿದ್ದು ಗೋಡೆ ಮೇಲಿನ ಮಾವನ ಫೋಟೋ.

ಆಮೇಲೆ ಕೇಳ್ದೆ, ನೀವು ಮಾವನ ಜೊತೆ ಇಬ್ರೇ ಎಲ್ಲಿಗೆ ಹೋಗಿದ್ರಿ ಅತ್ತೆ ಅಂತ. "ಚಂದ್ರಗುತ್ತಿಗೆ. ಅದೂ ಹರಕೆಗೆ. ದಾರಿಲಿ ನಿಮ್ಮ ಮಾವ ಇಪ್ಪತ್ತು ಮಾರು ಮುಂದೆ, ನಾನು ಹಿಂದೆ" ಅಂದು ನಕ್ಕರು.

ಎಲ್ಲ ಸರಿಹೋಯ್ತು ಅನ್ನುವಷ್ಟರಲ್ಲಿ ಫೆಂಗಲ್ ಚಂಡಮಾರುತ. ನವೆಂಬರ್ 30 ಕ್ಕೆ ಪುದುಚೇರಿ ಹತ್ತಿರ ನೆಲಕ್ಕೆ ಬಂತು ಅಂತ ಟಿವಿಲಿ ತೋರಿಸಿದ್ರು, ಮರುದಿನದಿಂದ ನಮ್ಮ ಅಂಗಳಕ್ಕೂ ಮೋಡ, ಹನಿ. ಬೇಯಿಸಿದ ಅಡಿಕೆಗೆ ಬಿಸಿಲು ತಪ್ಪಿದ್ರೆ ಬೂಷ್ಟು ಹಿಡಿದು ಹೋಗುತ್ತೆ, ರೇಟು ಬಿದ್ದು ಹೋಗುತ್ತೆ. ರಾತ್ರಿ ಎರಡು ಗಂಟೆಗೆ ಎದ್ದು ಇಬ್ರೂ ಚಪ್ಪರಕ್ಕೆ ತಾಡಪಾಲು ಎಳೆದ್ವಿ. ಒಂದಿಷ್ಟು ಒಳಗೆ ತಂದು ಅಟ್ಟದ ಮೇಲೆ ಹರವಿ ಕೆಳಗೆ ಒಲೆ ಹಾಕಿದ್ವಿ. ತಾಡಪಾಲಿನ ತುದಿ ಹಿಡಿದು ನಿಂತಾಗ ನಂಗೆ ಅನ್ನಿಸಿತು, ಆಯ್ತು, ಈ ಸಲ ಕಾವೇರಿ ಬದಲು ಚಂಡಮಾರುತ. ಇವರೂ ಅದನ್ನೇ ಯೋಚನೆ ಮಾಡ್ತಿದ್ರೋ ಏನೋ, "ಗುರುವಾರದವರೆಗೂ ನೋಡಣ, ಟಿಕೆಟ್ ತೆಗೀಬೇಡ" ಅಂದ್ರು. ಗುರುವಾರ ಚಳಿ ಬಿಸಿಲು ಬಂತು. ಶುಕ್ರವಾರ ಮಧ್ಯಾಹ್ನ ಚಾರ್ಟ್ ಆಗಿ ಎರಡೂ ಬರ್ತು ಕನ್ಫರ್ಮ್ ಅಂತ ಮಗಳು ಮೆಸೇಜ್ ಮಾಡಿದ್ಲು. ಒಂದು ಎಸ್ 3 ರಲ್ಲಿ, ಒಂದು ಎಸ್ 6 ರಲ್ಲಿ. ಹನಿಮೂನಂತೆ!

ಏನೇನು ತಗೊಂಡು ಹೋದೆ ಅಂತ ಕೇಳೋರಿಗೆ: ಎರಡು ಸೀರೆ, ಒಂದು ಶಾಲು, ಇವರ ಸ್ವೆಟರು, ಬಿಪಿ ಮಾತ್ರೆ ಎರಡು ಕಡೆ ಇಟ್ಟಿದ್ದು (ಒಂದು ಚೀಲ ಕಳೆದ್ರೆ ಇನ್ನೊಂದ್ರಲ್ಲಿ), ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಆಧಾರ್ ಕಾರ್ಡು. ರೂಮು ಹೇಳುವಾಗ ಮೂರು ಕೇಳ್ಕೊಳ್ಳಿ: ಲಿಫ್ಟ್ ಇದೆಯಾ, ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ, ಕೂರೋ ಕಮೋಡ್ ಇದೆಯಾ. ಉಳಿದದ್ದೆಲ್ಲ ಫೋಟೋದಲ್ಲಿ ಚೆಂದನೇ ಕಾಣುತ್ತೆ. ನಮ್ಮದು ಸ್ಟೇಷನ್ನಿಗೂ ಅರಮನೆಗೂ ಮಧ್ಯೆ, ನಡೆದು ಹೋಗುವಷ್ಟು ದೂರ. ಇನ್ನೊಂದು, ಹೆಂಗಸರಿಗೆ ಬಸ್ಸು ಫ್ರೀ ಅಂತ ಲೆಕ್ಕ ಹಾಕಿ ದುಡ್ಡು ಕಮ್ಮಿ ಇಟ್ಕೊಂಡು ಹೊರಡಬೇಡಿ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಓಡಾಡೋದು ಹೆಚ್ಚು ಖಾಸಗಿ ಬಸ್ಸು. ಸಾಗರದವರೆಗೆ ನಂಗೂ ಟಿಕೆಟ್ ತಗೊಂಡೇ ಹೋಗಿದ್ದು. ಮೈಸೂರಲ್ಲಿ ಸಿಟಿ ಬಸ್ಸಿಗೆ ನಂದು ಫ್ರೀ, ಇವರದು ದುಡ್ಡು. ಆಧಾರ್ ತೋರಿಸುವಾಗ ನಂಗೆ ಸಣ್ಣ ಖುಷಿ ಆಗದೇ ಇರ್ಲಿಲ್ಲ.

ರೈಲಲ್ಲಿ ಒಬ್ಬ ಕಾಲೇಜು ಹುಡುಗ ಪುಣ್ಯಾತ್ಮ ಬರ್ತು ಬದಲು ಮಾಡ್ಕೊಟ್ಟ. ಬೆಳಗಿನ ಜಾವ ಬೆಂಗಳೂರು ಬಂದಾಗ ಎಚ್ಚರ ಆಯ್ತು. ಅಷ್ಟು ಜನ ಇಳಿದ್ರು. ಮಗಳ ಮನೆ ಇರೋ ಊರಲ್ಲಿ ಇಳೀದೆ ಮಲಗಿರೋದು ಅಂದ್ರೆ ಎಂಥ ಕಷ್ಟ ಗೊತ್ತಾ? ಇವರು ಎದುರಿನ ಬರ್ತಿಂದ, "ಮಲಗು, ಜನವರಿಗೆ ಬರ್ತೀಯಲ್ಲ" ಅಂದ್ರು. ಅವರಿಗೂ ಎಚ್ಚರ ಇತ್ತು.

ಪಟ್ಟಿಲಿ ಹನ್ನೊಂದು ಜಾಗ ಬರೆದಿದ್ದೆ. ಮೊದಲ ದಿನವೇ ಜಗನ್ಮೋಹನ ಅರಮನೆ, ರೈಲ್ವೆ ಮ್ಯೂಸಿಯಂ, ಬೃಂದಾವನ ಎಲ್ಲ ಹೊಡೆದು ಹಾಕಿದ್ವಿ. ಮಕ್ಕಳ ಜೊತೆ ಹೋದಾಗ ಓಡಬೇಕು, ಇಬ್ರೇ ಇದ್ದಾಗ ಎಂತಕ್ಕೆ? ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲೇ ಹೋಗಿ ಬಂದ್ವಿ, ಸಾವಿರದ ಮೆಟ್ಟಿಲನ್ನ ಮೇಲಿಂದ ಇಣುಕಿ ನೋಡಿ ಕೈ ಮುಗಿದೆ. ಹೆಚ್ಚು ಹೊತ್ತು ಕಳೆದಿದ್ದು ದೇವರಾಜ ಮಾರ್ಕೆಟ್ಟಲ್ಲಿ. ಕುಂಕುಮದ ರಾಶಿ, ಮಲ್ಲಿಗೆ ಮಾಲೆ ಎಲ್ಲ ನಾನು ನೋಡ್ತಿದ್ರೆ ಇವರು ಎಲೆ ಅಂಗಡಿ ಮುಂದೆ ನಿಂತು, ಕಟ್ಟಿಗೆ ಎಷ್ಟು, ಅಡಿಕೆ ಎಲ್ಲಿಂದು, ನೀವು ಎಷ್ಟಕ್ಕೆ ತಗೊಳ್ತೀರಿ ಅಂತ ವಿಚಾರಣೆ. ಅಂಗಡಿಯವನ ಕೈಲಿದ್ದ ಅಡಿಕೆ ಒಂದು ಒಡೆದು ನೋಡಿ, "ಇದು ಸರಿ ಒಣಗಿಲ್ಲ" ಅಂತ ಬೇರೆ ಹೇಳಿದ್ರು. ನಾಚಿಕೆ ಆಗಿ ಎಳ್ಕೊಂಡು ಬಂದೆ. ಸಯ್ಯಾಜಿರಾವ್ ರಸ್ತೆಲಿ, ಮೈಸೂರು ಪಾಕು ಮೊದಲು ಮಾಡಿದ ಕಾಕಾಸುರ ಮಾದಪ್ಪನವರ ಮನೆತನದವರ ಅಂಗಡಿಲಿ ಕಾಲು ಕೆ.ಜಿ. ತಗೊಂಡು ಅಲ್ಲೇ ನಿಂತು ತಿಂದ್ವಿ. ತುಪ್ಪ ಜಾಸ್ತಿ, ನಂಗೆ ನಮ್ಮ ಅಕ್ಕ ಮಾಡೋದೇ ಇಷ್ಟ.

ಶನಿವಾರ ರಾತ್ರಿ ರೂಮಲ್ಲಿ ಊಟ ಆದ್ಮೇಲೆ ಒಂದು ತಮಾಷೆ. ಎಂಟೂವರೆಗೆ ಇಬ್ರಿಗೂ ಮಾಡಕ್ಕೆ ಕೆಲಸ ಇಲ್ಲ. ಪಾತ್ರೆ ಇಲ್ಲ, ದನಕ್ಕೆ ಹುಲ್ಲು ಹಾಕೋದಿಲ್ಲ, ಅತ್ತೆ ಮಾತ್ರೆ ಇಲ್ಲ. ಏನು ಮಾತಾಡದು ಅಂತ ಗೊತ್ತಾಗ್ದೆ ಮನೆಗೆ ಫೋನ್ ಮಾಡಿದ್ವಿ. ನಾದಿನಿ, "ಗಂಗೆ ನನ್ನ ಕೈಗೆ ಸೊರೆ ಬಿಡ್ಲಿಲ್ಲ, ನಿಮ್ಮ ಹಳೇ ಸೀರೆ ಉಟ್ಕೊಂಡು ಹೋದೆ, ಆಮೇಲೆ ಬಿಟ್ಲು" ಅಂದ್ಲು. ಸೊರಬಕ್ಕೆ ಸುರಭಿಪುರ ಅಂತ ಹಳೇ ಹೆಸರು ಅಂತಾರಲ್ಲ, ನಮ್ಮ ಕಡೆ ಹಸುಗಳಿಗೆ ಆ ಗತ್ತು ಇದ್ದೇ ಇದೆ. ಫೋನಿಟ್ಟ ಮೇಲೆ ನಗು ಶುರುವಾಗಿ, ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗಿ, ಮಲಗುವಾಗ ಹನ್ನೊಂದೂವರೆ.

ಭಾನುವಾರ ಹಗಲು ಅರಮನೆ ಒಳಗೆಲ್ಲ ನೋಡಿದ್ವಿ. ಹಳೇ ಮರದ ಅರಮನೆ 1897 ರಲ್ಲಿ ರಾಜಕುಮಾರಿ ಮದುವೆ ಹೊತ್ತಲ್ಲಿ ಬೆಂಕಿ ಬಿದ್ದು ಸುಟ್ಟು ಹೋಯ್ತಂತೆ, ಈಗಿಂದು ಕಟ್ಟಿ ಮುಗಿದಿದ್ದು 1912 ಕ್ಕೆ, ನಲವತ್ತು ಲಕ್ಷದ ಮೇಲೆ ಖರ್ಚು. "ಮದುವೆ ಮನೆಲಿ ಎಂತಾದ್ರೂ ಒಂದು ಆಗದೆ ಇರಲ್ಲ" ಅಂದ್ರು ಇವರು. ಸಂಜೆ ಆರಕ್ಕೇ ಹೋಗಿ ಜಾಗ ಹಿಡಿದು ಕೂತ್ವಿ. ಕಡ್ಲೆಕಾಯಿ ತಿಂದು ಮುಗೀತು. ಚಳಿ ಶುರುವಾಯ್ತು, ಶಾಲು ಒಂದೇ ಇತ್ತು. ಏಳಕ್ಕೆ, ಒಂದು ಕ್ಷಣ ಹಿಂದೆ ಮುಂದೆ ಇಲ್ಲ, ಇಡೀ ಅರಮನೆ ಒಟ್ಟಿಗೆ ಹತ್ತಿಕೊಂಡಿತು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಸುತ್ತ ಇದ್ದ ಮಕ್ಕಳೆಲ್ಲ ಹೋ ಅಂತ ಕೂಗಿದ್ವು. ನಾನೂ ಕೂಗಿದೆ ಅಂತ ಇವರು ಹೇಳ್ತಾರೆ, ನಂಗೆ ಗೊತ್ತಾಗ್ಲಿಲ್ಲ.

"ಕಂಡ್ಯಾ?" ಅಂದ್ರು.

"ಕಂಡೆ" ಅಂದೆ.

ಸ್ವಲ್ಪ ಹೊತ್ತಿಗೆ, "ಕರೆಂಟ್ ಬಿಲ್ ಎಷ್ಟು ಬರ್ತದೋ" ಅಂದ್ರು. ದೀಪ ಆರುವವರೆಗೂ ಕೂತಿದ್ದು ಕೊನೆಗೆ ಎದ್ದವರಲ್ಲಿ ನಾವೂ ಸೇರಿ.

ಸೋಮವಾರ ಹಗಲು ರೈಲಲ್ಲಿ ಬಂದು ಮನೆ ಮುಟ್ಟಿದಾಗ ರಾತ್ರಿ. ಅತ್ತೆಗೆ ನಂಜನಗೂಡು ರಸಬಾಳೆ ತಂದಿದ್ದೆ, ಎರಡು ತಿಂದು "ನಮ್ಮ ಪುಟ್ಬಾಳೆ ಮುಂದೆ ಎಂತದೂ ಅಲ್ಲ" ಅಂದು ಮೂರನೇದು ಸುಲಿದ್ರು. ಅಡಿಕೆ ಸರಿಯಾಗಿ ಒಣಗಿತ್ತು. ಅಡಿಗೆಮನೆಲಿ ಮಾತ್ರ ನಾದಿನಿ ಡಬ್ಬಿಗಳನ್ನೆಲ್ಲ ಸಾಲು ಬದಲು ಮಾಡಿ ಇಟ್ಟಿದ್ಲು, ಚೆಂದ ಕಾಣ್ತದೆ ಅಂತ. ಮರುದಿನ ಬೆಳಿಗ್ಗೆ ಕಾಫಿಗೆ ಉಪ್ಪು ಬಿತ್ತು. ಏನೂ ಹೇಳ್ಲಿಲ್ಲ ನಾನು. ಅವಳ ಪಾಯಸ ಹೆಂಗಿತ್ತು ಅಂತ ಅತ್ತೆಗೆ ಕೇಳ್ದೆ, "ಪರವಾಗಿಲ್ಲ" ಅಂದ್ರು.

ನಿನ್ನೆ ನಾದಿನಿ ಫೋನ್ ಮಾಡಿದ್ಲು. ಫೆಬ್ರವರಿಲಿ ಅವಳೂ ಅವಳ ಗಂಡನೂ ಎರಡು ದಿನ ಹಂಪಿಗೆ ಹೋಗಬೇಕಂತೆ, ಇಬ್ರೇ. "ಅತ್ತಿಗೆ, ನೀವು ಬಂದು ನಮ್ಮನೆ ನೋಡ್ಕೊಳ್ತೀರಾ?" ಅಂದ್ಲು. ಒಂದು ಸುತ್ತೂ ಹಾಕದೆ ಕೇಳಿದ್ಲು. ನಾನು ಹೂಂ ಅಂದಿದೀನಿ. ಆಮೇಲೆ ಗೊತ್ತಾಯ್ತು, ಅವರ ಹಸು ಹಾಯ್ತದಂತೆ.